ಮೀಟರ್ ನೋಡಿ ಹೇಳಿದ ಮಾತು

ಮದುವೆಯಾದ ಹದಿನೆಂಟು ವರ್ಷಗಳಲ್ಲಿ ನನ್ನ ಗಂಡನಿಗೆ ಸಿಗದಿದ್ದ ಒಂದು ಅನುಕೂಲ ಕಡೆಗೊಮ್ಮೆ ಒಂದು ಪುಟ್ಟ ಗುಂಡಿಯಿಂದ ಸಿಕ್ಕಿತು. ಉಗುರಿನಷ್ಟಿದ್ದ ಆ ಗುಂಡಿಯನ್ನು ಒತ್ತಿ ಹಿಡಿದರೆ ಅವರು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಾನು ತಿರುಗಿ ಉತ್ತರ ಕೊಡುವಷ್ಟರಲ್ಲಿ ಅವರು ನನ್ನ ಮೈಕಿನ ದನಿಯನ್ನು ಪೂರ್ತಿ ಇಳಿಸಿಬಿಟ್ಟಿರುತ್ತಿದ್ದರು. ಇಂಥ ಯಂತ್ರವನ್ನು ಕಂಡುಹಿಡಿದವನು ಯಾರೋ ನನಗೆ ಗೊತ್ತಿಲ್ಲ. ಆದರೆ ಅವನಿಗೆ ಮದುವೆಯಾಗಿತ್ತು ಎನ್ನುವುದರಲ್ಲಿ ಅನುಮಾನವಿಲ್ಲ.

ಆ ಗುಂಡಿ ಇದ್ದದ್ದು ನಮ್ಮ ಕನ್ನಡ ಸಂಘದ, ಎಲ್ಲ ಮೈಕುಗಳ ದನಿಯನ್ನು ಕೂಡಿಸಿ ಹದಮಾಡುವ ಆಡಿಯೋ ಮಿಕ್ಸರಿನ ಮೇಲೆ. ವಿಶಾಖಪಟ್ಟಣದಲ್ಲಿ ನಮ್ಮಂಥ ವರ್ಗಾವಣೆಯ ಜನ ಸೇರಿ ಕಟ್ಟಿಕೊಂಡ ಸಣ್ಣ ಸಂಘ ಅದು. ಅರ್ಧ ಜನ ಬ್ಯಾಂಕಿನವರು. ಉಳಿದವರು ಔಷಧಿ ಕಂಪನಿ, ಆಸ್ಪತ್ರೆ, ಋಷಿಕೊಂಡದ ಗುಡ್ಡದ ಮೇಲಿನ ಐಟಿ ಆಫೀಸುಗಳವರು. ಯಾರೂ ಮೂರ್ನಾಲ್ಕು ವರ್ಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಹಾಗಾಗಿ ಯಾರ ಹಾಡನ್ನೂ ಯಾರೂ ಚೆನ್ನಾಗಿರಲಿಲ್ಲ ಅನ್ನುವುದಿಲ್ಲ. ಇವತ್ತೋ ನಾಳೆಯೋ ಆರ್ಡರ್ ಬಂದರೆ ಹೊರಟುಹೋಗುವವರ ಮನಸ್ಸನ್ನು ಯಾಕೆ ನೋಯಿಸಬೇಕು ಎಂದು ಎಲ್ಲರೂ ಎಲ್ಲರನ್ನೂ ಹೊಗಳುತ್ತಾರೆ. ಒಳ್ಳೆಯ ಪದ್ಧತಿ, ಆದರೆ ಇದರಿಂದ ಸಂಗೀತ ಬೆಳೆಯುವುದಿಲ್ಲ.

ಮಿಕ್ಸರನ್ನು ಮುಂಚೆ ನೋಡಿಕೊಳ್ಳುತ್ತಿದ್ದವರು ಮೈಸೂರಿನ ಕಡೆಯ ಒಬ್ಬ ಹಿರಿಯ ಬ್ಯಾಂಕ್ ಅಧಿಕಾರಿ. ಅವರಿಗೆ ವರ್ಗವಾದಾಗ ಅದನ್ನು ನನ್ನ ಗಂಡನಿಗೆ ಒಪ್ಪಿಸಿದ ರೀತಿಯನ್ನು ನೋಡಬೇಕಿತ್ತು. ಒಂದು ಶಾಖೆಯ ಚಾರ್ಜ್ ಬಿಟ್ಟುಕೊಡುವಾಗ ಮಾಡುವಂತೆ ಪಟ್ಟಿ ಬರೆದು ಇಬ್ಬರೂ ಸಹಿ ಹಾಕಿದರು. ಮಿಕ್ಸರ್ ಒಂದು. ಮೈಕು ಆರು. ಹೆಡ್‌ಫೋನ್ ಒಂದು, ಎಡಗಿವಿಯ ಮೆತ್ತೆ ಹರಿದಿದೆ. ದನಿ ಏರಿಸಿ ಇಳಿಸಲು ತಿರುಗಿಸುವ ಪ್ರತಿ ನಾಬಿನ ಸುತ್ತಲೂ ಬಿಳಿ ಟೇಪು ಅಂಟಿಸಿ, ಅದು ಎಲ್ಲಿಗೆ ನಿಲ್ಲಬೇಕೆಂದು ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಹೆಡ್‌ಫೋನಿನ ನಾಬಿಗೆ ಗೆರೆ ಇದ್ದದ್ದು ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿ. "ಇದನ್ನ ದಾಟಬೇಡಿ, ಕಿವಿ ಹಾಳಾಗುತ್ತೆ" ಎಂದು ಹೇಳಿ, ಎರಡು ಸಲ ತಟ್ಟಿ ತೋರಿಸಿ ಹೋದರು.

ನನ್ನವರು ತಲೆಯಾಡಿಸಿದರು. ಧಾರವಾಡದ ಕಡೆಯವರು, ಬರೆದದ್ದರ ಮೇಲೆ ಬಹಳ ನಂಬಿಕೆ. ಬ್ಯಾಂಕಿನವರೆಲ್ಲ ಹೀಗೆಯೇ ಇರಬಹುದು, ಏನನ್ನು ತಿದ್ದಿದರೂ ಪಕ್ಕದಲ್ಲಿ ಚಿಕ್ಕ ಸಹಿ ಹಾಕದಿದ್ದರೆ ಇವರಿಗೆ ಊಟ ಸೇರುವುದಿಲ್ಲ. ನಮ್ಮ ಲಗ್ನಪತ್ರಿಕೆಯಲ್ಲಿ ಮುಹೂರ್ತದ ಸಮಯ ತಪ್ಪಾಗಿ ಅಚ್ಚಾಗಿತ್ತು. ತಮ್ಮ ಪಾಲಿನ ಅಷ್ಟೂ ಪತ್ರಿಕೆಗಳಲ್ಲಿ ಅದನ್ನು ಪೆನ್ನಿನಿಂದ ತಿದ್ದಿ, ಪ್ರತಿಯೊಂದಕ್ಕೂ ಸಹಿ ಮತ್ತು ತಾರೀಖು ಹಾಕಿ ಹಂಚಿದ ಮನುಷ್ಯ ಇವರು. ತುಮಕೂರಿನಲ್ಲಿ ನಮ್ಮ ಚಿಕ್ಕಪ್ಪ ಅದನ್ನು ಕನ್ನಡಕ ಹಾಕಿಕೊಂಡು ನೋಡಿ, "ಹುಡುಗ ಪ್ರಾಮಾಣಿಕ ಕಣಮ್ಮ, ಆದ್ರೆ ಜೊತೇಲಿ ಬಾಳೋದು ಕಷ್ಟ" ಅಂದಿದ್ದರು. ನಾನೂ ಔಷಧಿ ಕಂಪನಿಯೊಂದರಲ್ಲಿ ದಾಖಲೆಗಳನ್ನು ಪರಿಶೀಲಿಸುವ ಕೆಲಸದವಳು. ಅಲ್ಲಿಯೂ ತಿದ್ದಿದ ಕಡೆಯಲ್ಲೆಲ್ಲ ಸಹಿ, ತಾರೀಖು ಇರಲೇಬೇಕು. ಆದ್ದರಿಂದ ಈ ವಿಷಯದಲ್ಲಿ ಅವರನ್ನು ಗೇಲಿ ಮಾಡುವ ಹಕ್ಕು ನನಗಿಲ್ಲ. ಆದರೂ ಮಾಡುತ್ತೇನೆ.

ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಊರಂಚಿನ ಪೆಂದುರ್ತಿಯ ನಮ್ಮ ಫ್ಲ್ಯಾಟಿನಲ್ಲಿ ಹಾಡಿನ ಅಭ್ಯಾಸ. ನಾವು ಆರು ಜನ ಹಾಲಿನಲ್ಲಿ ಮೈಕುಗಳ ಮುಂದೆ ನಿಲ್ಲುತ್ತಿದ್ದೆವು. ಇವರು ಮಲಗುವ ಕೋಣೆಯಲ್ಲಿ ಇಸ್ತ್ರಿ ಮಾಡುವ ಮೇಜಿನ ಮೇಲೆ ಮಿಕ್ಸರ್ ಇಟ್ಟುಕೊಂಡು, ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಬಾಗಿಲು ತೆರೆದಿದ್ದರೆ ನಮ್ಮ ನೇರ ದನಿಯೂ ಕಿವಿಗೆ ಬಿದ್ದು, ಮೈಕಿನಿಂದ ಬಂದದ್ದು ಎಷ್ಟು, ಗಾಳಿಯಲ್ಲಿ ಬಂದದ್ದು ಎಷ್ಟು ಎಂದು ತಿಳಿಯುವುದಿಲ್ಲವಂತೆ. ಹೆಡ್‌ಫೋನಿನಲ್ಲಿ ಆರೂ ಮೈಕು ಕೂಡಿ ಕೇಳುತ್ತದೆ. ಒಂದು ಮೈಕಿನ ಸೋಲೋ ಗುಂಡಿ ಒತ್ತಿದರೆ ಆ ಒಬ್ಬರು ಮಾತ್ರ ಕೇಳುತ್ತಾರೆ. ಹೊರಗಿನವರಿಗೆ ಇದು ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಹೀಗೆ ಮಾಡಿದರೆ ಅದಕ್ಕೆ ಕದ್ದು ಕೇಳುವುದು ಅನ್ನುತ್ತಾರೆ.

ಮೀಟರ್ ಅಂದರೆ ಸಣ್ಣ ದೀಪಗಳ ಎರಡು ಸಾಲು. ದನಿ ಏರಿದಂತೆಲ್ಲ ಹಸಿರು, ಆಮೇಲೆ ಹಳದಿ, ಕೊನೆಗೆ ಕೆಂಪು. ಹಾಡು ಹಳದಿಯನ್ನು ಮುಟ್ಟಿ ಮುಟ್ಟಿ ಇಳಿಯಬೇಕು, ಕೆಂಪು ಹತ್ತಿದರೆ ದನಿ ಒಡೆಯುತ್ತದೆ. ಇವರಿಗೆ ಆ ಕೆಂಪು ದೀಪದ ಬಗ್ಗೆ ಇದ್ದ ಭಯಭಕ್ತಿ ಮೇಲಧಿಕಾರಿಗಳ ಬಗ್ಗೆಯೂ ಇರಲಿಲ್ಲ. ಗುಂಡಿ ಒತ್ತಿ ಮಾತಾಡಿದರೆ, ಅಂದರೆ ಟಾಕ್‌ಬ್ಯಾಕ್ ಒತ್ತಿದರೆ, ಅವರ ದನಿ ಹಾಲಿನ ಮೂಲೆಯ ಸಣ್ಣ ಸ್ಪೀಕರಿನಲ್ಲಿ ಬರುತ್ತಿತ್ತು. ಮೊದಲು ಟಕ್ ಎಂದು ಒಂದು ಸದ್ದು, ಆಮೇಲೆ ತೀರ್ಪು.

"ಎರಡನೇ ಮೈಕು, ಶ್ರುತಿ ಇಳದೈತಿ."

ಎರಡನೇ ಮೈಕು ನಾನು. ಗುಂಪಿನಲ್ಲಿ ಹೆಂಡತಿ ಎಂದು ಭೇದ ಮಾಡಬಾರದೆಂದು ಅವರು ಎಲ್ಲರನ್ನೂ ನಂಬರಿನಿಂದ ಕರೆಯುತ್ತಿದ್ದರು. ಆದರೆ ಒಂದನೆಯದಕ್ಕೂ ಮೂರನೆಯದಕ್ಕೂ ಏನೂ ಹೇಳುತ್ತಿರಲಿಲ್ಲ, ಶ್ರುತಿ ಇಳಿಯುತ್ತಿದ್ದದ್ದು ಎರಡನೆಯದ್ದೇ. ನಾನು ಮೈಕಿಗೆ ಬಾಯಿ ಹತ್ತಿರ ತಂದು, "ಒಳಗೆ ಕೂತು ಹೇಳೋದು ಸುಲಭ, ಬಂದು ಹಾಡಿ ನೋಡೋಣ" ಎನ್ನುವಷ್ಟರಲ್ಲಿ ಮೈಕು ಸತ್ತಿರುತ್ತಿತ್ತು. ಉಳಿದ ಐವರು ನೆಲ ನೋಡುತ್ತಾ ನಗುತ್ತಿದ್ದರು.

ಒಂದೇ ಒಂದು ಸಲ ಆ ಗುಂಡಿ ನನ್ನ ಪರವಾಗಿ ಕೆಲಸ ಮಾಡಿತು. ನಮಗೆ ಏನೋ ಹೇಳುತ್ತಿದ್ದಾಗ ಇವರಿಗೆ ಮೇಲಧಿಕಾರಿಯ ಫೋನ್ ಬಂತು. ಗುಂಡಿಯ ಮೇಲಿನ ಬೆರಳನ್ನು ಎತ್ತುವುದು ಮರೆತು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದರು. ಹಾಲಿನಲ್ಲಿದ್ದ ನಾವು ಆರೂ ಜನ ಅವರು ಒಂಬತ್ತು ಸಲ "ಆಯ್ತು ಸರ್" ಅಂದದ್ದನ್ನು ಎಣಿಸಿದೆವು. ಕೊನೆಯ ಎರಡರಲ್ಲಿ ಶ್ರುತಿ ಇಳಿದಿತ್ತು. ಅದನ್ನು ನಾನು ಇವತ್ತಿಗೂ ಆಗಾಗ ನೆನಪಿಸುತ್ತೇನೆ.

ಹೀಗೆ ಒಂದು ವರ್ಷ ನಡೆಯಿತು. ಆಮೇಲೆ ನಿಧಾನವಾಗಿ ಬಯ್ಗುಳ ಕಡಿಮೆಯಾಯಿತು. ಹಾಡು ಮುಗಿದ ಮೇಲೆ ಟಕ್ ಎಂದು ಸದ್ದಾಗಿ, "ಎರಡನೇ ಮೈಕು, ಚಲೋ ಆತು" ಎಂಬ ಮಾತು ಬರತೊಡಗಿತು. ಮೊದಲ ಸಲ ಕೇಳಿದಾಗ ಸ್ಪೀಕರ್ ಕೆಟ್ಟಿದೆ ಅಂದುಕೊಂಡೆ. ನಾಲ್ಕೈದು ಸಲ ಕೇಳಿದ ಮೇಲೆ ನಂಬಿದೆ. ನನ್ನ ಗಂಟಲು ಪಳಗಿದೆ, ಇಷ್ಟು ವರ್ಷದ ಸಾಧನೆ ಫಲ ಕೊಡುತ್ತಿದೆ ಎಂದು ತೀರ್ಮಾನಿಸಿದೆ. ಗಂಟಲಿಗೆಂದು ತಣ್ಣೀರು ಕುಡಿಯುವುದನ್ನು ಬಿಟ್ಟೆ. ಹೊಸದಾಗಿ ಸೇರಿದ ಐಟಿ ಹುಡುಗಿಯರಿಗೆ ಉಸಿರು ಹಿಡಿಯುವುದನ್ನು ಹೇಳಿಕೊಡಲು ಶುರುಮಾಡಿದೆ. ಅವರು ಕೇಳಿರಲಿಲ್ಲ.

ಹೀಗೆ ಹೊಗಳಿಕೆ ಕೇಳುತ್ತಾ ವರ್ಷ ದಾಟಿದ ಮೇಲೆ ವಿಜಯವಾಡದಿಂದ ಕರೆ ಬಂತು. ವಿಶಾಖಪಟ್ಟಣಕ್ಕೆ ಬರುವ ಮೊದಲು ನಾವು ಅಲ್ಲಿ ಐದು ವರ್ಷ ಇದ್ದವರು. ಅಲ್ಲಿನ ಕನ್ನಡಿಗರು ರಾಜ್ಯೋತ್ಸವಕ್ಕೆ ನಮ್ಮ ತಂಡವನ್ನು ಕರೆದರು. ಕರೆದ ಹೆಂಗಸು ರಾಯಚೂರಿನವರು, ಆಂಧ್ರದಲ್ಲೇ ಇಪ್ಪತ್ತು ವರ್ಷ ಕಳೆದವರು. ಫೋನಿನಲ್ಲಿ, "ನಿಮ್ಮ ಯಜಮಾನ್ರನ್ನ ತಪ್ಪದಂಗ ಕರ್ಕೊಂಡು ಬರ್ರಂಡಿ. ಅವ್ರಂಗ ಕಿವಿ ಇರೋರು ನಮ್ಮಲ್ಲಿ ಯಾರಿಲ್ಲ" ಎಂದರು. ಇವರು ಆ ಮಾತನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡರು. ಹೊಗಳಿಕೆ ಇಷ್ಟವಾಗಿದೆ ಅಂದುಕೊಂಡೆ. ನನಗೂ ಒಂದು ಗೌರವ ಸಿಕ್ಕಿತ್ತು. ಮೊದಲ ಹಾಡನ್ನು ನಾನೊಬ್ಬಳೇ ಹಾಡಬೇಕೆಂದು ತಂಡ ನಿರ್ಧರಿಸಿತ್ತು. ನಾನೇ ಸೂಚಿಸಿದ್ದೆ ಅನ್ನುವುದು ಬೇರೆ ಮಾತು.

ಕಾರ್ಯಕ್ರಮಕ್ಕೆ ಮುಂಚಿನ ಭಾನುವಾರದ ಅಭ್ಯಾಸದಲ್ಲಿ ನಾನು ಹಾಡುತ್ತಿದ್ದಾಗ, ನಮ್ಮ ಹಾಡೂ ಮೆಲ್ಲಗೆ ಬರುತ್ತಿದ್ದ ಆ ಮೂಲೆಯ ಸ್ಪೀಕರಿನಿಂದ ಒಂದು ಚೂಪಾದ ಕೂಗು ಎದ್ದಿತು. ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೊಕ್ಕು ಸುತ್ತುವಾಗ ಬರುವ ಸಿಳ್ಳೆ ಅದು. ಸಾಮಾನ್ಯವಾಗಿ ಅದು ಹುಟ್ಟುವ ಮೊದಲೇ ಇವರ ಕೈ ಇಳಿಸಿಬಿಡುತ್ತಿತ್ತು. ಅಂದು ಇಳಿಯಲಿಲ್ಲ. ಎಲ್ಲರೂ ಕಿವಿ ಮುಚ್ಚಿಕೊಂಡೆವು. ಇಂಟರ್, ಅಂದರೆ ಇಲ್ಲಿನ ಪಿಯುಸಿ ಓದುತ್ತಿದ್ದ ನಮ್ಮ ಮಗಳು ಅಡುಗೆಮನೆಯಿಂದ ಓಡಿ ಹೋಗಿ ಕೋಣೆಯ ಬಾಗಿಲು ತೆರೆದಳು. ಇವರು ಹೆಡ್‌ಫೋನ್ ಹಾಕಿಕೊಂಡು, ಮೀಟರಿನ ದೀಪಗಳನ್ನು ನೋಡುತ್ತಾ, ಮೊಣಕಾಲಿನ ಮೇಲೆ ತಾಳ ಹಾಕುತ್ತಾ ಕೂತಿದ್ದರು.

"ಅಪ್ಪಾ, ಅಷ್ಟು ವಿಸಿಲ್ ಬರ್ತಾ ಇದೆ ಕದಾ. ಕೊಂಚೆಂ ತಗ್ಗಿಸು" ಎಂದು ಅವರ ಹೆಡ್‌ಫೋನ್ ಸರಿಸಿ ಹೇಳಿದಳು. ಅವಳ ಕನ್ನಡಕ್ಕೆ ಅರ್ಧ ತೆಲುಗು ಬೆರೆತು ಯಾವುದೋ ಕಾಲವಾಗಿದೆ.

"ಎಲ್ಲಿ ವಿಸಲ್? ಕೆಂಪು ಹತ್ತೇ ಇಲ್ಲಲ್ಲ" ಎಂದು ಇವರು ಮೀಟರ್ ತೋರಿಸಿದರು.

ನಾನು ಅದನ್ನು ಹಟ ಅಂದುಕೊಂಡೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡನ ಯಾವ ನಡೆಗಾದರೂ ಮೊದಲು ಹೊಳೆಯುವ ಕಾರಣ ಅದೇ.

ಎರಡು ದಿನ ಬಿಟ್ಟು, ಪ್ರಯಾಣಕ್ಕೆ ಕಟ್ಟುವ ಮೊದಲು ಮಿಕ್ಸರನ್ನು ಒರೆಸಲು ಕೂತೆ. ಇವರು ಬ್ಯಾಂಕಿಗೆ ಹೋಗಿದ್ದರು. ಹೆಡ್‌ಫೋನಿನ ನಾಬಿನ ಸುತ್ತಲಿನ ಟೇಪಿನ ಮೇಲೆ ಧೂಳು ಕೂತಿತ್ತು. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ ಗೆರೆಗಳು ಕಂಡವು. ಹಳೆಯದೊಂದಲ್ಲದೆ ಹೊಸವು ಏಳು. ಹತ್ತು ಗಂಟೆಯ ಹಳೆಯ ಗೆರೆಯನ್ನು ಅಡ್ಡ ಹೊಡೆದು ಹನ್ನೊಂದರಲ್ಲಿ ಹೊಸದು. ಅದನ್ನೂ ಹೊಡೆದು ಹನ್ನೆರಡರ ಹತ್ತಿರ ಇನ್ನೊಂದು. ಹೀಗೆ ಸರಿಯುತ್ತಾ ಸರಿಯುತ್ತಾ ಕೊನೆಯದು ಮೂರು ಗಂಟೆಯ ಜಾಗಕ್ಕೆ ಬಂದು ನಿಂತಿತ್ತು. ಪ್ರತಿ ಹೊಸ ಗೆರೆಯ ಪಕ್ಕದಲ್ಲೂ ಇರುವೆಯಷ್ಟು ಸಣ್ಣಗೆ ನನ್ನ ಗಂಡನ ಸಹಿ, ಕೆಳಗೆ ತಾರೀಖು.

ಗುಟ್ಟು ಮುಚ್ಚಿಡಬೇಕೆಂದವರು ಯಾರಾದರೂ ಹೀಗೆ ಮಾಡುತ್ತಾರೆಯೇ. ಸುಮ್ಮನೆ ನಾಬ್ ತಿರುಗಿಸಿಕೊಂಡಿದ್ದರೆ ಬ್ರಹ್ಮನಿಗೂ ತಿಳಿಯುತ್ತಿರಲಿಲ್ಲ. ಆದರೆ ಹಿಂದಿನ ಅಧಿಕಾರಿ ಗೆರೆ ಎಳೆದು ಒಪ್ಪಿಸಿ ಹೋಗಿದ್ದರು. ಅದನ್ನು ಮೀರಿದ ಮೇಲೆ ತಿದ್ದುಪಡಿ ಮಾಡಲೇಬೇಕು, ತಿದ್ದುಪಡಿ ಅಂದ ಮೇಲೆ ಸಹಿ ಹಾಕಲೇಬೇಕು. ನಾನು ದಿನವೂ ಆಫೀಸಿನಲ್ಲಿ ಓದುವುದೇ ಇಂಥ ದಾಖಲೆಗಳನ್ನು. ಇಷ್ಟು ಚೊಕ್ಕಟವಾದದ್ದನ್ನು ಅಲ್ಲಿಯೂ ಕಂಡಿರಲಿಲ್ಲ.

ಹಿಂದಿನ ಭಾನುವಾರದ ನನ್ನ ಹಾಡು ಫೋನಿನಲ್ಲಿ ಇತ್ತು. ಅದನ್ನು ಮಿಕ್ಸರಿಗೆ ಜೋಡಿಸಿ, ನಾಬನ್ನು ಮೂರು ಗಂಟೆಯ ಗೆರೆಗೆ ಇಟ್ಟು, ಹೆಡ್‌ಫೋನ್ ಹಾಕಿಕೊಂಡೆ. ಮರುಕ್ಷಣ ಕಿತ್ತು ಹಾಸಿಗೆಯ ಮೇಲೆ ಎಸೆದೆ. ಕಿವಿಯೊಳಗೆ ಹೊಡೆದಂತಾಯಿತು. ಇಷ್ಟು ದೊಡ್ಡ ಸದ್ದಿನಲ್ಲಿ ಕೂತು ಆ ಮನುಷ್ಯ ಶಾಂತವಾಗಿ ತಾಳ ಹಾಕುತ್ತಿದ್ದರು. ಹಾಗಾದರೆ ಅವರಿಗೆ ಏನೂ ಸರಿಯಾಗಿ ಕೇಳಿಸುತ್ತಿಲ್ಲ. ಮೊದಲ ಸಹಿಯ ತಾರೀಖು ನೋಡಿದೆ, ಒಂದೂವರೆ ವರ್ಷ ಹಿಂದಿನದು.

ನಾಬನ್ನು ಹತ್ತಕ್ಕೆ ಇಳಿಸಿ ಮತ್ತೆ ಹಾಡು ಕೇಳಿದೆ. ಅದುವರೆಗೆ ನಾನು ಅದನ್ನು ಕೇಳಿರಲಿಲ್ಲ, ಹೊಗಳಿಕೆ ಸಿಕ್ಕಿದ ಮೇಲೆ ಯಾರು ಕೇಳುತ್ತಾರೆ. ಮೊದಲ ಸಾಲಿಗೇ ಶ್ರುತಿ ಇಳಿದಿತ್ತು. ಎರಡನೆಯದರಲ್ಲಿ ಇನ್ನೂ ಸ್ವಲ್ಪ. ಈ ಒಂದೂವರೆ ವರ್ಷದಲ್ಲಿ ನನ್ನ ಗಂಟಲು ಪಳಗಿರಲಿಲ್ಲ, ಅವರ ಕಿವಿ ಹೋಗಿತ್ತು. ಎರಡು ದುಃಖಗಳು ಒಟ್ಟಿಗೆ ಬಂದವು. ನಿಜ ಹೇಳಬೇಕೆಂದರೆ ಮೊದಲು ಬಂದದ್ದು ನನ್ನದೇ. ಅದು ಮುಗಿದ ಮೇಲೆ ಅವರನ್ನು ನೆನೆದು ಹಾಸಿಗೆಯ ಮೇಲೆ ಕೂತು ಅತ್ತೆ.

ಹೇಳಬೇಕು ಅನ್ನಿಸಿತು. ಮರುದಿನ ಸಂಜೆ ಋಷಿಕೊಂಡದ ಕಡಲಿನ ಹತ್ತಿರ ಹೋಗೋಣ ಎಂದೆ. ಕಿವಿ ಮಂದವಾದವರ ಜೊತೆ ಗುಟ್ಟು ಮಾತಾಡಲು ಅಲೆಗಳ ಪಕ್ಕಕ್ಕೆ ಕರೆದುಕೊಂಡು ಹೋದ ಬುದ್ಧಿವಂತೆ ನಾನು. ನೇರವಾಗಿ ಹೇಳಲು ಬಾಯಿ ಬರಲಿಲ್ಲ. "ಈ ಸಲ ಮಿಕ್ಸರ್ ಬೇರೆ ಯಾರಾದ್ರೂ ನೋಡ್ಕೊಳ್ಳಲಿ ಬಿಡಿ. ನೀವು ಮುಂದೆ ಕೂತು ನನ್ನ ಹಾಡು ಕೇಳಿ" ಎಂದೆ.

"ಏನಂದಿ?" ಎಂದರು. ಮತ್ತೆ ಹೇಳಿದೆ. "ಅಲೀ ಸಪ್ಪಳ ಭಾಳ ಐತಿ" ಎಂದು ಕಡಲಿನ ಮೇಲೆ ಹಾಕಿದರು. ಮೂರನೆಯ ಸಲ ಅವರ ಎದುರು ನಿಂತು ಹೇಳಿದಾಗ ಅರ್ಥವಾಯಿತು.

"ಬ್ಯಾಂಕಿನ್ಯಾಗ ಎಲ್ಲಾರೂ ನನ್ನ ಸಹಿ ನೋಡತಾರ" ಎಂದರು. "ಆ ಕುರ್ಚ್ಯಾಗ ಕೂತಾಗ ಅಷ್ಟ ನನ್ನ ಕಿವಿಗೆ ಒಂದು ಕಿಮ್ಮತ್ತು. ಅಲ್ಲಿಂದನೂ ಏಳು ಅಂತೀಯಲ್ಲ."

ಕಿವಿಯ ಮಾತನ್ನು ಎತ್ತಿದರೆ ಏನಾಗುತ್ತದೆಂದು ಲೆಕ್ಕ ಹಾಕಿದೆ. ಗೊತ್ತಾದರೆ ಸಂಘದವರು ಮರುಗುತ್ತಾರೆ, ಒಳ್ಳೆಯ ಮಾತಾಡುತ್ತಾರೆ, ಮಿಕ್ಸರನ್ನು ಪಟ್ಟಿ ಸಮೇತ ಇನ್ನೊಬ್ಬರಿಗೆ ಒಪ್ಪಿಸುತ್ತಾರೆ. ಇವರು ಮುಂದಿನ ಸಾಲಿನಲ್ಲಿ ಕೂತು ಕೇಳಿಸದ ಹಾಡಿಗೆ ಚಪ್ಪಾಳೆ ತಟ್ಟಬೇಕಾಗುತ್ತದೆ. ಹೇಳದೆ ಬಿಟ್ಟರೆ ವಿಜಯವಾಡದವರ ಎದುರು ಆ ಸಿಳ್ಳೆ ಮತ್ತೆ ಏಳುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಕ್ರೂರವೆಂದು ನನಗೆ ತಿಳಿಯಲಿಲ್ಲ. ಜೋಳದ ತೆನೆ ಕೊಡಿಸಿದರು, ತಿಂದುಕೊಂಡು ಮನೆಗೆ ಬಂದೆವು.

ವಿಜಯವಾಡಕ್ಕೆ ಬೆಳಗಿನ ರೈಲು. ಮಿಕ್ಸರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಎದುರಿನ ಹಿರಿಯರೊಬ್ಬರು ತೆಲುಗಿನಲ್ಲಿ, ಅದು ಹಾರ್ಮೋನಿಯಮ್ಮೇ ಎಂದು ಕೇಳಿದರು. ಇವರು ನಗುತ್ತಾ "ಅವುನಂಡಿ", ಹೌದು ಎಂದರು. ಹಾಗಾದರೆ ಒಂದು ಕೀರ್ತನೆ ನುಡಿಸುತ್ತೀರಾ ಎಂದು ಅವರು ಕೇಳಿದರು. ಅದಕ್ಕೂ "ಅವುನಂಡಿ". ಹಿರಿಯರು ಚಕ್ಕಳಮಕ್ಕಳ ಹಾಕಿ ಕಾದು ಕೂತರು. ಮಗಳು ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು. ಹದಿನೈದು ದಿನದ ಹಿಂದೆ ಆಗಿದ್ದರೆ ನಾನೂ ನಗುತ್ತಿದ್ದೆ. ಕಿವಿ ಕೇಳದಿದ್ದರೆ ಎಲ್ಲದಕ್ಕೂ ಹೌದು ಅನ್ನುವುದು ಎಷ್ಟು ದಿನದ ಅಭ್ಯಾಸವೋ ಎಂದು ಯೋಚಿಸುತ್ತಾ, ಯಜಮಾನರಿಗೆ ಕೈ ನೋವು ಎಂದು ಹಿರಿಯರಿಗೆ ಸುಳ್ಳು ಹೇಳಿದೆ.

ಕಾರ್ಯಕ್ರಮ ಇದ್ದದ್ದು ವಿಜಯವಾಡದ ಹತ್ತಿರದ ಇಬ್ರಾಹಿಂಪಟ್ನಂನ ಒಂದು ಕಲ್ಯಾಣಮಂಟಪದಲ್ಲಿ. ಹಿಂಬಾಗಿಲಿನಲ್ಲಿ ನಿಂತರೆ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತಿದ್ದವು. ಮಧ್ಯಾಹ್ನ ಮೂರರ ಹೊತ್ತಿಗೆ ಮೈಕುಗಳನ್ನೆಲ್ಲ ಜೋಡಿಸಿದೆವು. ರಾಯಚೂರಿನ ಹೆಂಗಸು ಉಪ್ಪಿಟ್ಟಿಗೆ ಕರೆದರು, ಎಲ್ಲರೂ ಊಟದ ಮನೆಗೆ ಹೋದರು. ವೇದಿಕೆಯ ಮೇಲೆ ನಾನು, ಉದ್ದನೆಯ ಖಾಲಿ ಸಭಾಂಗಣದ ಆ ತುದಿಯಲ್ಲಿ ಮಿಕ್ಸರಿನ ಮುಂದೆ ಇವರು, ಇಬ್ಬರೇ ಉಳಿದೆವು.

ನನ್ನ ಕಾಲ ಬಳಿಯ ಸ್ಪೀಕರಿನಲ್ಲಿ ಟಕ್ ಎಂದಿತು. "ಎರಡನೇ ಮೈಕು, ಏನರ ಹಾಡು."

ಎರಡು ಸಾಲು ಹಾಡಿದೆ. ಅವರು ನಾಬ್ ತಿರುಗಿಸುವುದು ದೂರದಿಂದ ಕಂಡಿತು. ಇನ್ನೂ ತಿರುಗಿಸಿದರು. ಮೂರು ಗಂಟೆಯಾಚೆಗೂ ಹೋಗಿರಬೇಕು. ಆಮೇಲೆ ಕೈ ನಿಂತಿತು. ಮತ್ತೆ ಟಕ್ ಎಂದಿತು. ಅವರ ಉಸಿರು ಮಾತ್ರ ಕೇಳಿಸುತ್ತಿತ್ತು.

"ಎರಡನೇ ಮೈಕು" ಎಂದರು. "ನನಗ ಸರಿ ಕೇಳಸವಲ್ದು. ಇವತ್ತಿಂದಲ್ಲ. ಒಂದೂವರಿ ವರ್ಷಾತು. ಚಲೋ ಆತು, ಚಲೋ ಆತು ಅಂತಿದ್ನಲ್ಲ, ಅದು ಮೀಟರ್ ನೋಡಿ ಅಂತಿದ್ದೆ. ಇವತ್ತ ನೀ ಒಬ್ಬಾಕಿನ ಹಾಡಾಕಿ. ನನ್ನ ಸಲುವಾಗಿ ನಿನ್ನ ಹಾಡು ಹಾಳಾಗೂದು ಬ್ಯಾಡ. ಬ್ಯಾರೇ ಯಾರನ್ನರ ಕೂಡ್ರಸು."

ಬೆರಳು ಎತ್ತಿದ ಸದ್ದಾಯಿತು. ತಿರುಗಿ ಉತ್ತರ ಕೊಡಲಾಗದಂಥ ಆ ಯಂತ್ರದ ಹಿಂದೆ ಕೂತಿದ್ದರಿಂದಲೇ ಅವರಿಗೆ ಅಷ್ಟು ಹೇಳಲು ಆಯಿತು ಅನ್ನಿಸುತ್ತದೆ. ಎದುರಿಗೆ ಕೂರಿಸಿ ಕೇಳಿದ್ದರೆ ಕಡಲಿನ ಮೇಲೆಯೋ ಬೀಸಣಿಗೆಯ ಮೇಲೆಯೋ ಹಾಕುತ್ತಿದ್ದರು.

ಆ ಒಂದು ಸಲ ಅವರು ನನ್ನ ಮೈಕನ್ನು ಇಳಿಸಿರಲಿಲ್ಲ. ನಾನು ಏನು ಹೇಳಿದರೂ ಮಂಟಪಕ್ಕೆಲ್ಲ, ಊಟದ ಮನೆಗೂ ಕೇಳಿಸುತ್ತಿತ್ತು. ಹದಿನೆಂಟು ವರ್ಷದ ಉತ್ತರಗಳು ನಾಲಿಗೆಯ ಮೇಲೆ ಸಿದ್ಧವಾಗಿದ್ದವು. ಒಂದನ್ನೂ ಆಡಲಿಲ್ಲ. ವೇದಿಕೆ ಇಳಿದು, ಕುರ್ಚಿಗಳ ಸಾಲು ದಾಟಿ, ಅವರ ಪಕ್ಕದಲ್ಲಿ ಹೋಗಿ ಕೂತೆ.

"ನನಗೆ ಗೊತ್ತಿತ್ತು" ಎಂದು ಕಿವಿಯ ಹತ್ತಿರ ಹೇಳಿದೆ. "ಏಳು ಕಡೆ ಬರೆದಿಟ್ಟಿದ್ದೀರಲ್ಲ."

ಅವರು ಟೇಪು ನೋಡಿದರು. ಮುಖ ಸಣ್ಣದಾಯಿತು. "ತಿದ್ದಿದ ಮ್ಯಾಲೆ ಸಹಿ ಇಲ್ದ ಹೆಂಗ ಬಿಡ್ಲಿ?" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ಆದರೆ ಕಣ್ಣು ಒರೆಸಿಕೊಂಡರು.

ಕುರ್ಚಿ ಬಿಡಬೇಕಾಗಿಲ್ಲ ಎಂದು ನಾನು ಹೇಳಿದೆ. ಮೀಟರನ್ನು ಅವರಂತೆ ಓದುವವರು ಇನ್ನೊಬ್ಬರಿಲ್ಲ. ಕಣ್ಣು ಅವರದು ಇರಲಿ, ಕಿವಿ ನನ್ನದು. ಬ್ಯಾಂಕಿನಲ್ಲಿ ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಹತ್ತಿರ ಒಂದೊಂದು ಇರುತ್ತದಲ್ಲ, ಹಾಗೆ ಎಂದೆ. ಈ ವಾದ ಅವರಿಗೆ ಹಿಡಿಸಿತು. ಸನ್ನೆಗಳನ್ನು ಅಲ್ಲೇ ನಿಶ್ಚಯಿಸಿದೆವು. ನಾನು ಓಲೆ ಮುಟ್ಟಿದರೆ ದನಿಯ ಚೂಪು ಕಡಿಮೆ ಮಾಡಬೇಕು. ಸೆರಗು ಸರಿಪಡಿಸಿದರೆ ನನ್ನ ಮೈಕು ಏರಿಸಬೇಕು. ಬಳೆ ಹಿಂದಕ್ಕೆ ತಳ್ಳಿದರೆ ಇಳಿಸಬೇಕು. ಅವರು ಮೂರನ್ನೂ ಚೀಟಿಯ ಮೇಲೆ ಬರೆದುಕೊಂಡರು. ಕೆಳಗೆ ಸಹಿ ಹಾಕಿ, ನನ್ನ ಕೈಗೂ ಪೆನ್ನು ಕೊಟ್ಟರು.

ಸಂಜೆ ನಾನು ಹಾಡಿದ್ದಕ್ಕಿಂತ ಹೆಚ್ಚಾಗಿ ಸೆರಗು ಸರಿಪಡಿಸಿದೆ. ಎರಡನೇ ಸಾಲಿನಲ್ಲಿ ಸಿಳ್ಳೆ ಏಳುವ ಲಕ್ಷಣ ಕಾಣಿಸಿತು, ಓಲೆ ಮುಟ್ಟಿದೆ, ಅಡಗಿತು. ತಂಡದ ಹಾಡುಗಳಲ್ಲೂ ಹಾಗೆಯೇ ನಡೆಯಿತು. ಶ್ರುತಿಯ ಕಡೆ ಗಮನ ಕೊಡಲು ನನಗೆ ಪುರುಸೊತ್ತೇ ಇರಲಿಲ್ಲ, ಅದು ತನಗೆ ತೋಚಿದಂತೆ ಇತ್ತು. ಮುಗಿದ ಮೇಲೆ ರಾಯಚೂರಿನ ಹೆಂಗಸು ನನ್ನ ಕೈ ಹಿಡಿದು, "ಸೌಂಡ್ ಭಾಳ ಚೆಂದ ಇತ್ತಂಡಿ. ಅವ್ರ ಕಿವಿ ಅಂದ್ರ ಕಿವಿ. ನೀವು ಮಾತ್ರ ಯಾಕೋ ಭಯಪಟ್ಟಂಗ ಕಾಣ್ತಿದ್ರಿ, ಓಲೆ ಮುಟ್ಟಿ ಮುಟ್ಟಿ" ಎಂದರು. ಹೌದಂಡಿ, ಸ್ವಲ್ಪ ಭಯ ಎಂದು ಒಪ್ಪಿಕೊಂಡೆ. ನನ್ನ ಹೆಸರು ಅಷ್ಟು ಕೆಟ್ಟರೂ ನಷ್ಟವಿರಲಿಲ್ಲ.

ಆದರೆ ಅದಕ್ಕೂ ಮೊದಲು, ಚಪ್ಪಾಳೆ ಇನ್ನೂ ನಡೆಯುತ್ತಿದ್ದಾಗ, ಕಾಲ ಬಳಿಯ ಸ್ಪೀಕರಿನಲ್ಲಿ ಟಕ್ ಎಂದಿತ್ತು.

"ಎರಡನೇ ಮೈಕು, ಮೀಟರ್ ನೋಡೇ ಹೇಳಾಕತ್ತೀನಿ. ಚಲೋ ಆತು."

ಅಂಥ ಹೊಗಳಿಕೆ ನನಗೆ ಯಾವ ಕಿವಿಯಿಂದಲೂ ಸಿಕ್ಕಿಲ್ಲ.

ವಿಶಾಖಪಟ್ಟಣಕ್ಕೆ ಬಂದ ವಾರವೇ ಕಿವಿಯ ಡಾಕ್ಟರ ಹತ್ತಿರ ಹೋದೆವು. ಅವರು ಒಂದು ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಗುಂಡಿ ಕಂಡು ಇವರಿಗೆ ಧೈರ್ಯ ಬಂತು. ಎರಡು ಕಿವಿಗೂ ಯಂತ್ರ ಬೇಕೆಂದು ತೀರ್ಮಾನವಾಯಿತು. ಹಾಕಿಕೊಂಡು ಆಸ್ಪತ್ರೆಯಿಂದ ಹೊರಬಂದವರು ಆಟೋದಲ್ಲಿ ಮಾತಾಡಲೇ ಇಲ್ಲ. ಮನೆಗೆ ಬಂದ ಮೇಲೆ ಕೇಳಿದರೆ, "ನಿನ್ನ ಕೈಯ್ಯಾಗಿನ ಬಳಿ ಸಪ್ಪಳ ಕೇಳಾಕತ್ತಿದ್ದೆ" ಎಂದರು.

ಸಂಘದವರಿಗೂ ಹೇಳಿದರು, ತಾವೇ. ಮಿಕ್ಸರನ್ನು ಯಾರೂ ವಾಪಸ್ ಕೇಳಲಿಲ್ಲ. ಕುರ್ಚಿಯ ಬಗ್ಗೆ ಅವರು ಪಟ್ಟ ಭಯವೆಲ್ಲ ದಂಡ ಎಂದು ನಾನು ಹೇಳಬಹುದಿತ್ತು.

ಮುಂದಿನ ಅಭ್ಯಾಸದ ಭಾನುವಾರ ಅವರು ಇಸ್ತ್ರಿ ಮೇಜಿನ ಮುಂದೆ ಕೂತು, ಮೂರು ಗಂಟೆಯ ಗೆರೆಯನ್ನು ಅಡ್ಡ ಹೊಡೆದು, ಹತ್ತೂವರೆಯ ಹತ್ತಿರ ಹೊಸ ಗೆರೆ ಎಳೆದರು. ಸಹಿ ಹಾಕಿದರು. ಕೋಣೆಯ ಬಾಗಿಲು ಹಾಕಿಕೊಂಡರು. ನಾವು ಆರು ಜನ ಹಾಲಿನಲ್ಲಿ ನಿಂತೆವು, ನಾನು ಮೊದಲ ಸಾಲು ಎತ್ತಿದೆ. ಅದು ಮುಗಿಯುವ ಮುಂಚೆಯೇ ಮೂಲೆಯಲ್ಲಿ ಟಕ್ ಎಂದಿತು.

"ಎರಡನೇ ಮೈಕು, ಶ್ರುತಿ ಇಳದೈತಿ."

ಉಳಿದ ಐವರು ಎಂದಿನಂತೆ ನೆಲ ನೋಡಿದರು. ನಾನು ಬಯ್ಯುತ್ತೇನೆಂದು ಅವರು ಮೈಕನ್ನು ಆಗಲೇ ಇಳಿಸಿರಬೇಕು. ಬಯ್ಯಲಿಲ್ಲ. ಅವರಿಗೆ ಕೇಳಿಸಿದ ಸಂತೋಷಕ್ಕೆ ಮುಂದಿನ ಸಾಲಿನಲ್ಲಿ ಶ್ರುತಿ ಇನ್ನೂ ಕೆಳಗೆ ಇಳಿಯಿತು. ಅದನ್ನೂ ಅವರು ಹೇಳಿದರು.